ಜ್ವರದ ಸಂಕ್ರಾಂತಿ, ಶನಿವಾರದ ಭಾರತ

ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ನಾವು ಮೊದಲು ಕೈಬಿಡುವುದು ಓದು, ಹಾಡು, ಭಜನೆ ಇಂಥದ್ದನ್ನೇ ಅಲ್ವಾ? ಈ ಸಂಕ್ರಾಂತಿಗೆ ನಮ್ಮ ಮನೆಯಲ್ಲಿ ಉಲ್ಟಾ ಆಯಿತು. ಸಕ್ಕರೆ ಅಚ್ಚು ಮಾಡಲಿಲ್ಲ, ಹಬ್ಬದ ದಿನ ಎಳ್ಳು ಬೀರಲು ಹೋಗಲಿಲ್ಲ, ಯಾರನ್ನೂ ಊಟಕ್ಕೆ ಕರೆಯಲಿಲ್ಲ. ವಾರದ ಓದು ಮಾತ್ರ ನಿಲ್ಲಲಿಲ್ಲ. ನಿಲ್ಲದೇ ಇದ್ದದ್ದರಿಂದ ಆದ ಒಳ್ಳೆಯದನ್ನು ಬರೆದಿಡೋಣ ಅನಿಸಿತು. ನಮ್ಮ ಹಾಗೆ ಎರಡು ದೇಶಗಳಲ್ಲಿ ಹಿರಿಯರನ್ನು ನೋಡಿಕೊಳ್ಳುತ್ತಿರುವ ಮನೆಗಳು ತುಂಬಾ ಇವೆ, ಅದಕ್ಕೆ.

ನಾವಿರುವುದು ಅಮೆರಿಕದ ಮಿನ್ನೆಸೋಟಾದಲ್ಲಿ, ಮಿನಿಯಾಪೊಲಿಸ್ ಹತ್ತಿರ. ಓದು ಅಂದರೆ ಕುಮಾರವ್ಯಾಸ ಭಾರತ. ಶಿವಮೊಗ್ಗದಲ್ಲಿ ಕೂತು ನಮ್ಮಪ್ಪ ವಾಚನ ಮಾಡುತ್ತಾರೆ, ಇಲ್ಲಿ ನಮ್ಮ ಅತ್ತೆ ವ್ಯಾಖ್ಯಾನ ಮಾಡುತ್ತಾರೆ. ಅತ್ತೆ ಮಂಡ್ಯದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವರು. ಅಪ್ಪ ಗಮಕವನ್ನು, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಯನ್ನು, ಯಾರ ಹತ್ತಿರವೂ ಕೂತು ಕಲಿತವರಲ್ಲ. ಶಿವಮೊಗ್ಗದ ಪಕ್ಕದಲ್ಲೇ ತುಂಗೆಯ ಈ ದಡಕ್ಕೆ ಆ ದಡಕ್ಕೆ ಮತ್ತೂರು, ಹೊಸಹಳ್ಳಿ ಇವೆಯಲ್ಲ, ಅಲ್ಲಿಗೆ ಸೈಕಲ್ ತುಳಿದುಕೊಂಡು ಹೋಗಿ ಕೇಳಿ ಕೇಳಿಯೇ ರುಚಿ ಹತ್ತಿಸಿಕೊಂಡವರು. ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಅಪ್ಪ ಪಟ್ಟ ಸಂತೋಷ ನೋಡಬೇಕಿತ್ತು, ಸ್ವಂತ ಅಣ್ಣನಿಗೆ ಬಂದಷ್ಟು.

ಅಪ್ಪನಿಗೆ ಪಾರ್ಕಿನ್ಸನ್ ಇದೆ. ಕೈ ನಡುಗುವುದು ಎಲ್ಲರಿಗೂ ಕಾಣುತ್ತದೆ, ದನಿ ಇಳಿಯುವುದು ಮನೆಯವರಿಗೆ ಮಾತ್ರ ಗೊತ್ತಾಗುತ್ತದೆ. ಅವರು ಜೋರಾಗಿಯೇ ಮಾತಾಡುತ್ತಿದ್ದೇನೆ ಅಂದುಕೊಂಡಿರುತ್ತಾರೆ, ನಮಗೆ ಕೇಳುವುದು ಪಿಸುಮಾತು. ಸ್ಪೀಚ್ ಥೆರಪಿಸ್ಟ್ ಹೇಳಿದ್ದು ಒಂದೇ ಮಾತು: ದಿನಾ ಗಟ್ಟಿಯಾಗಿ ಓದಿಸಿ. ಪೇಪರ್ ಓದಿಸಿ ನೋಡಿದೆವು, ಎರಡು ಸಾಲಿಗೆ ಬೇಜಾರು. ಆಮೇಲೆ ತಂಗಿ ಭಾರತ ತೆಗೆದು ಕೈಗೆ ಕೊಟ್ಟಳು. ಅದು ಇರುವುದು ಭಾಮಿನಿ ಷಟ್ಪದಿ ಅನ್ನುವ ಆರು ಸಾಲಿನ ಪದ್ಯಗಳಲ್ಲಿ. ಮೊದಲ ಎರಡು ಸಾಲು ಚಿಕ್ಕವು, 14 ಮಾತ್ರೆ (ಛಂದಸ್ಸಿನಲ್ಲಿ ಉಚ್ಚಾರಣೆಯ ಕಾಲದ ಅಳತೆ). ಮೂರನೇ ಸಾಲು ಉದ್ದ, 23 ಮಾತ್ರೆ. ಆ ಮೂರನೇ ಸಾಲನ್ನು ಉಸಿರು ಕಟ್ಟಿಕೊಂಡು ಕೊನೆ ಮುಟ್ಟಿಸಬೇಕು, ಅರ್ಧದಲ್ಲಿ ಬಿಟ್ಟರೆ ಕಿವಿಗೇ ಗೊತ್ತಾಗುತ್ತದೆ. ಅಪ್ಪ ಬಿಡುವವರಲ್ಲ. ಮಾತಾಡುವಾಗ ಇಲ್ಲದ ದನಿ ಆ ಸಾಲಿನಲ್ಲಿ ಎಲ್ಲಿಂದ ಬರುತ್ತದೋ, ಬರುತ್ತದೆ.

ಓದಿನ ಹೊತ್ತು ಗೊತ್ತು ಮಾಡಿದ್ದು ಇನ್ನೊಂದು ಮಾತ್ರೆ, ಅಪ್ಪ ನುಂಗುವ ಔಷಧಿ. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ತೆಗೆದುಕೊಂಡು ಸ್ವಲ್ಪ ಹೊತ್ತಾದ ಮೇಲೆ ಅಪ್ಪನ ಮೈ ಸಡಿಲವಾಗುತ್ತದೆ, ದನಿಯೂ ಸಿಗುತ್ತದೆ. ಮಾತ್ರೆ ತಿಂಡಿಗೆ ಮುಂಚೆಯೇ ಆಗಬೇಕು, ಬೇಳೆ ಕಾಳು ಜಾಸ್ತಿ ಇರುವ ಊಟದ ಜೊತೆ ಹೋದರೆ ಅದು ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಅಲ್ಲಿ ಭಾನುವಾರ ಬೆಳಿಗ್ಗೆ 8, ಚಳಿಗಾಲದಲ್ಲಿ ಇಲ್ಲಿ ಶನಿವಾರ ರಾತ್ರಿ 8:30. ಮಾರ್ಚಿನಲ್ಲಿ ಇಲ್ಲಿನ ಗಡಿಯಾರ ಒಂದು ಗಂಟೆ ಮುಂದೆ ಹೋದಾಗ ನಮಗೆ 9:30 ಆಗುತ್ತದೆ, ಮಕ್ಕಳು ತೂಕಡಿಸುತ್ತಾರೆ. ಆದರೂ ಬದಲಾಯಿಸುವುದಿಲ್ಲ, ಅಪ್ಪನ ಮಾತ್ರೆಗೆ ಅಮೆರಿಕದ ಗಡಿಯಾರ ಗೊತ್ತಿಲ್ಲ.

ಇನ್ನು ಸಂಕ್ರಾಂತಿ. ಇಲ್ಲಿ ಅದು ಬರುವುದು ವರ್ಷದ ಕೆಟ್ಟ ಚಳಿಯಲ್ಲಿ, ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋದರೂ ಯಾರಿಗೂ ಆಶ್ಚರ್ಯ ಆಗುವುದಿಲ್ಲ. ಕ್ರಿಸ್‌ಮಸ್ ರಜೆ ಮುಗಿದು ಡೇಕೇರ್, ಸ್ಕೂಲು ಆಗಷ್ಟೇ ತೆರೆದಿರುತ್ತವೆ. ಫ್ಲೂ ಜೋರಾಗಿರುವುದೂ ಆಗಲೇ. ನಾಲ್ಕು ವರ್ಷದ ಮಗ ಡೇಕೇರ್‌ನಿಂದ ಜ್ವರ ತಂದ, ಎದ್ದು ಓಡಾಡುವ ಹೊತ್ತಿಗೆ ಅದು ಅತ್ತೆಗೆ ಹತ್ತಿತು. ಅತ್ತೆಗೆ ಆಸ್ತಮಾ ಇದೆ, ಸಕ್ಕರೆ ಕಾಯಿಲೆಯೂ ಇದೆ. ಫ್ಲೂ ಔಷಧಿ ಟ್ಯಾಮಿಫ್ಲೂ ಶುರು ಮಾಡುವುದಾದರೆ ಜ್ವರ ಬಂದ 48 ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು ಅನ್ನುತ್ತಾರೆ. ಕ್ಲಿನಿಕ್ಕಿಗೆ ಫೋನ್ ಮಾಡಿ, ಕಾದು, ಮತ್ತೆ ಫೋನ್ ಮಾಡಿ, ಅಂತೂ ಆ ಸಮಯದೊಳಗೆ ಕೈಗೆ ಸಿಕ್ಕಿತು. ಮಹಡಿಯ ಕೋಣೆಯಲ್ಲಿ ಅವರೊಬ್ಬರೇ. ನಾನು ಮಾಸ್ಕ್ ಹಾಕಿಕೊಂಡು ಒಳಗೆ ಹೋಗುವುದು, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸುವುದು, ಆಕ್ಸಿಜನ್ 93 ಅಂದರೆ ಕೂತು ಇನ್ನೊಂದು ಸಲ ನೋಡುವುದು. ರಾತ್ರಿ ಕೆಮ್ಮು ಕೇಳಿಸಿದರೂ ಎದ್ದು ಕೂರುತ್ತಿದ್ದೆ, ಕೇಳಿಸದೇ ಇದ್ದರೂ ಎದ್ದು ಕೂರುತ್ತಿದ್ದೆ.

ರಜೆಯ ವಿಷಯ ಸ್ವಲ್ಪ ಹೇಳಲೇಬೇಕು, ಯಾರಿಗಾದರೂ ಉಪಯೋಗ ಆದೀತು. ಮನೆಯವರ ಕಾಯಿಲೆಗೆ ಅಂತ 12 ವಾರ ಸಂಬಳವಿಲ್ಲದ ರಜೆ ಕೊಡುವ ಎಫ್‌ಎಂಎಲ್‌ಎ ಅನ್ನುವ ಕಾನೂನು ಇಲ್ಲಿ 1993ರಿಂದ ಇದೆ. ಆದರೆ ಅದರಲ್ಲಿ ಅಪ್ಪ ಅಮ್ಮ ಇದ್ದಾರೆ, ಅತ್ತೆ ಮಾವ ಇಲ್ಲ! ಮಗನಿಗೆ ಅನ್ವಯಿಸುತ್ತದೆ, ಸೊಸೆಗೆ ಇಲ್ಲ. ನಮ್ಮವರು ಹೊಸ ಕೆಲಸಕ್ಕೆ ಸೇರಿ 12 ತಿಂಗಳು ಆಗಿರಲಿಲ್ಲ, ಆದ್ದರಿಂದ ಅವರಿಗೂ ಇಲ್ಲ. ಒಂದೇ ಸೂರಿನಡಿ ಇರುವ ಅತ್ತೆ ಯಾವ ಲೆಕ್ಕದಲ್ಲಿ ನನ್ನ ಮನೆಯವರಲ್ಲ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ನಮ್ಮನ್ನು ಕಾಪಾಡಿದ್ದು ಮಿನ್ನೆಸೋಟಾ ರಾಜ್ಯದ್ದೇ ಇನ್ನೊಂದು ಕಾನೂನು. 2024ರಿಂದ ಇಲ್ಲಿ 30 ಗಂಟೆ ಕೆಲಸ ಮಾಡಿದರೆ 1 ಗಂಟೆ ಸಂಬಳದ ರಜೆ ಜಮಾ ಆಗುತ್ತದೆ, ಅದನ್ನು ಗಂಡ ಹೆಂಡತಿಯ ಅಪ್ಪ ಅಮ್ಮನಿಗೂ ಬಳಸಬಹುದು. ಅದನ್ನೇ ಒಂದೊಂದು ಗಂಟೆಯಾಗಿ ಮುರಿದುಕೊಂಡು ಆ ವಾರ ದಾಟಿದೆವು.

ಹಬ್ಬ ಕೆಲಸದ ದಿನವೇ ಬಂದಿತ್ತು, ಅದನ್ನು ಶನಿವಾರಕ್ಕೆ ಇಟ್ಟುಕೊಂಡೆವು. ಎಳ್ಳು ಬೆಲ್ಲ ಮಾಡುವುದು ಬೇಡ ಅಂತ ಒಂದು ಮನಸ್ಸು. ಆದರೆ ಕೊಬ್ಬರಿ ಮೊದಲೇ ತಂದಿಟ್ಟಿದ್ದೆ. ಹನ್ನೊಂದು ವರ್ಷದ ಮಗಳು ಕೊಬ್ಬರಿಯ ಕಂದು ಸಿಪ್ಪೆ ಹೆರೆದಳು, ನಾನು ಸಣ್ಣಗೆ ಹೆಚ್ಚಿದೆ. ಊರಿನಲ್ಲಿ ಕೊಬ್ಬರಿ, ಬೆಲ್ಲ ಹೆಚ್ಚಿ ಬಿಸಿಲಿಗೆ ಹಾಕುತ್ತಾರೆ. ಇಲ್ಲಿ ಜನವರಿಯಲ್ಲಿ ಬಿಸಿಲಿದ್ದರೂ ಕಾವಿಲ್ಲ, ಆದರೆ ಮನೆಯೊಳಗೆ ಹೀಟರ್ ಗಾಳಿ ಎಷ್ಟು ಒಣಗಿರುತ್ತದೆ ಅಂದರೆ ಊಟದ ಮೇಜಿನ ಮೇಲೆ ಹರಡಿದ ಬೆಲ್ಲದ ಚೂರು ಬೆಳಗಾಗುವಷ್ಟರಲ್ಲಿ ಗರಿಗರಿ. ಹುರಿದ ಎಳ್ಳು, ಹುರಿಗಡಲೆ, ಸಿಪ್ಪೆ ತೆಗೆದ ಕಡಲೆಕಾಯಿ ಬೀಜ ಬೆರೆಸಿದರೆ ಆಯಿತು. ಇಂಡಿಯನ್ ಅಂಗಡಿಯಲ್ಲಿ ಸಿಕ್ಕ ಕಬ್ಬು ಮಾತ್ರ ಕಾರಿನಲ್ಲಿ ಮನೆಗೆ ತರುವಷ್ಟರಲ್ಲೇ ಹೆಪ್ಪುಗಟ್ಟಿತ್ತು, ಕರಗುವ ತನಕ ಚಾಕು ಇಳಿಯಲಿಲ್ಲ. ಅವರೆಕಾಳು ಫ್ರೋಜನ್ ಪ್ಯಾಕೆಟ್ಟಿನದು, ಸೊಗಡು ಇಲ್ಲ, ಆದರೂ ಹುಗ್ಗಿಗೆ ಹಾಕಿದೆ. ಮಗನಿಗೆ ಎಲಚಿ ಹಣ್ಣು ಎರೆಯುವ ಶಾಸ್ತ್ರವಿತ್ತು, ಎಲಚಿ ಎಲ್ಲಿಂದ ತರುವುದು? ದ್ರಾಕ್ಷಿ, ಕಬ್ಬಿನ ಚೂರು, ಚಿಲ್ಲರೆ ಕಾಸು ಸೇರಿಸಿ ತಲೆ ಮೇಲೆ ಸುರಿದೆವು. ಅತ್ತೆ ಮಹಡಿಯಿಂದ ವಿಡಿಯೋ ಕಾಲ್‌ನಲ್ಲೇ "ಮೂರು ಸಲ, ಮೂರು ಸಲ ಕಣಮ್ಮ, ಆಮೇಲೆ ಆರತಿ" ಅಂತ ಹೇಳಿ ಮಾಡಿಸಿದರು. ಅದೇ ಸಂಜೆ ಕನ್ನಡದ ಗೆಳತಿಯೊಬ್ಬಳು ಬಾಗಿಲ ಹೊರಗೆ ಸಾರು, ಪಲ್ಯದ ಸ್ಟೀಲ್ ಡಬ್ಬಿ ಇಟ್ಟು ಬೆಲ್ ಒತ್ತಿ ಹೋದಳು. ಒಳಗೆ ಬರುವಂತಿರಲಿಲ್ಲ, ಪಾಪ.

ರಾತ್ರಿ 8:30ಕ್ಕೆ ಓದು ಬೇಡ, ಮುಂದಿನ ವಾರ ನೋಡೋಣ ಅಂತ ತಂಗಿಗೆ ಮೆಸೇಜ್ ಹಾಕಿದೆ. ಅಪ್ಪನೇ ಫೋನ್ ಮಾಡಿದರು. "ಬೀಗಿತ್ತಿಯವರಿಗೆ ಕೇಳಿಸಿದರೆ ಸಾಕು, ಮಾತಾಡುವುದು ಬೇಡ. ಹತ್ತು ಪದ್ಯ ಓದ್ತೀನಿ" ಅಂದರು. ವ್ಯಾಖ್ಯಾನಕ್ಕೆ ಮಗಳು ತಯಾರಾದಳು. ಮುಚ್ಚಿದ ಬಾಗಿಲ ಹೊರಗೆ ಕೂತು, ಒಳಗಿದ್ದ ಅಜ್ಜಿಗೆ ಫೋನ್ ಮಾಡಿ ಕೇಳಿ, ಕನ್ನಡವನ್ನೂ ಇಂಗ್ಲಿಷನ್ನೂ ಕಲಸಿ ಒಂದು ಹಾಳೆ ತುಂಬಾ ಬರೆದುಕೊಂಡಿದ್ದಳು.

ನಾವು ಭೀಷ್ಮಪರ್ವದ ಕೊನೆಗೆ ಬಂದಿದ್ದೆವು. ಇದು ಬೇಕೆಂದು ಹೊಂದಿಸಿದ್ದಲ್ಲ, ವಾರ ವಾರ ಓದುತ್ತಾ ಬಂದು ಸಂಕ್ರಾಂತಿಗೆ ಅಲ್ಲಿ ನಿಂತಿತು ಅಷ್ಟೇ. ಹತ್ತು ದಿನ ಯುದ್ಧ ಮಾಡಿದ ಅಜ್ಜ ಬಾಣಗಳ ಮೇಲೆ ಬಿದ್ದಿದ್ದಾನೆ, ತಲೆ ಜೋತು ಬಿದ್ದಿದೆ, ದಿಂಬು ಕೊಡಿ ಅನ್ನುತ್ತಾನೆ. ಕೌರವನ ಕಡೆಯವರು ಮೆತ್ತನೆ ದಿಂಬು ತರಿಸುತ್ತಾರೆ. ಬೇಡ ಅನ್ನುತ್ತಾನೆ. ಅರ್ಜುನನ ಕಡೆ ನೋಡುತ್ತಾನೆ, ಅರ್ಜುನ ಬಾಣ ನೆಟ್ಟು ತಲೆಗೆ ಆಸರೆ ಕೊಡುತ್ತಾನೆ. ಬಾಯಾರಿದಾಗ ನೀರನ್ನೂ ಅವನೇ ನೆಲದಿಂದ ಚಿಮ್ಮಿಸುತ್ತಾನೆ.

"ಹಾಗಾದ್ರೆ ಉತ್ತರಾಯಣಕ್ಕೆ ಭೀಷ್ಮ ಸತ್ತಿದ್ದು ಮುಂದಿನ ವಾರ ಓದ್ತೀವಾ?" ಅಂತ ಮಗಳು ಕೇಳಿದಳು. ಅಪ್ಪನಿಗೆ ಇಂಥ ಪ್ರಶ್ನೆ ಅಂದರೆ ಹಬ್ಬ. ಅದು ಇದರಲ್ಲಿ ಇಲ್ಲ ಪುಟ್ಟಿ, ಗದುಗಿನ ಕವಿ ಬರೆದದ್ದು ಹತ್ತೇ ಪರ್ವ, ದುರ್ಯೋಧನ ಬೀಳುವ ಗದಾಪರ್ವಕ್ಕೆ ಮುಗಿಸಿಬಿಟ್ಟ, ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ, ಆ ಕಥೆ ಅಲ್ಲಿ ಬರುತ್ತೆ ಅಂತ ಉತ್ಸಾಹದಲ್ಲಿ ಹೇಳಿದರು. ಆಗ ತಂಗಿ, ಕ್ಯಾಮೆರಾದಲ್ಲಿ ಕಾಣದ ಹಾಗೆ ಅಪ್ಪನ ಕುರ್ಚಿ ಹಿಂದೆ ನಿಂತಿದ್ದವಳು, ಸುಮ್ನೆ ಅಂದಳು: "ದಿಂಬು ಬೇಕು ಅಂತ ಬಾಯಿ ಬಿಟ್ಟು ಕೇಳಿದನಲ್ಲ ಆ ಅಜ್ಜ, ಅಷ್ಟೇ ಸಾಕು. ನಮ್ಮನೇಲಿ ರಾತ್ರಿಯೆಲ್ಲ ನಾನೇ ಊಹೆ ಮಾಡಬೇಕು."

ಪಾರ್ಕಿನ್ಸನ್ ಇರುವವರಿಗೆ ರಾತ್ರಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದೇ ಕಷ್ಟ. ತಂಗಿ ಎದ್ದು ತಿರುಗಿಸಬೇಕು, ದಿಂಬು ಸರಿ ಮಾಡಬೇಕು, ಬಾತ್‌ರೂಮಿಗೆ ಕರೆದುಕೊಂಡು ಹೋಗಬೇಕು. ಬೆಳಿಗ್ಗೆ ಅವಳಿಗೆ ಕೆಲಸಕ್ಕೆ ಹೋಗಬೇಕು. ರಾತ್ರಿಗೊಬ್ಬರನ್ನು ಇಟ್ಟುಕೊಳ್ಳೋಣ, ದುಡ್ಡು ನಾನು ಕಳಿಸುತ್ತೇನೆ ಅಂತ ನಾನು ಎಷ್ಟೋ ತಿಂಗಳಿಂದ ಹೇಳುತ್ತಿದ್ದೆ. ಹೊರಗಿನವರು ಬೇಡ, ಮನೆಯಲ್ಲಿ ಮಗಳಿದ್ದಾಳಲ್ಲ ಅನ್ನುವುದು ಅಪ್ಪನ ಮಾತು. ತಂಗಿಯೂ ನನ್ನ ಹತ್ತಿರ "ಪರವಾಗಿಲ್ಲ ಅಕ್ಕ" ಅನ್ನುತ್ತಿದ್ದಳೇ ಹೊರತು ಒಮ್ಮೆಯೂ ಆಗಲ್ಲ ಅಂದವಳಲ್ಲ.

ಯಾರೂ ಮಾತಾಡಲಿಲ್ಲ. ಆಮೇಲೆ ಮಹಡಿಯ ಕೋಣೆಯಿಂದ ಅತ್ತೆಯ ಒಡೆದ ದನಿ ಬಂತು. "ಬೀಗರೇ, ನಾನೂ ಮಲಗಿದ್ದೀನಿ, ಅದಕ್ಕೇ ಹೇಳ್ತಾ ಇದೀನಿ. ಸೊಸೆ ಕಣ್ಣು ನೋಡಿದ್ರೆ ಗೊತ್ತಾಗುತ್ತೆ ನಿದ್ದೆ ಇಲ್ಲ ಅಂತ. ಇನ್ನೊಬ್ಬರು ಬೇಕು ಅಂತ ಮಲಗಿರೋರೇ ಕೇಳಬೇಕು. ನೋಡಿಕೊಳ್ಳೋರ ಬಾಯಲ್ಲಿ ಆ ಮಾತು ಬರಲ್ಲ, ಬಂದ್ರೆ ಭಾರ ಅಂದ ಹಾಗೆ ಆಗುತ್ತೆ ಅಂತ ಹೆದರ್ತಾರೆ." ಅಷ್ಟು ಹೇಳುವಷ್ಟರಲ್ಲಿ ಕೆಮ್ಮು ಬಂತು. ನಾನು ಫೋನ್ ಬಿಟ್ಟು ಮಹಡಿಗೆ ಓಡಿದೆ.

ನಾನು ವಾಪಸ್ ಬಂದಾಗ ಅಪ್ಪ ಮುಂದಿನ ಪದ್ಯ ಓದುತ್ತಿದ್ದರು. ಆ ದಿನ ಅವರು ಇದಕ್ಕೆ ಏನೂ ಉತ್ತರ ಕೊಡಲಿಲ್ಲ, ಮರುದಿನವೂ ಇಲ್ಲ. ಆದರೆ ಮುಂದಿನ ವಾರ ಓದು ಶುರು ಮಾಡುವ ಮುಂಚೆ ತಂಗಿಯ ಎದುರಿಗೇ, "ರಾತ್ರಿಗೆ ಒಬ್ಬ ಹುಡುಗನ್ನ ನೋಡಮ್ಮ, ನನಗೆ ಬೇಕು" ಅಂದರು. ನಿನಗೆ ಕಷ್ಟ ಆಗುತ್ತೆ ಅನ್ನಲಿಲ್ಲ, ನನಗೆ ಬೇಕು ಅಂದರು. ನನ್ನ ಮಟ್ಟಿಗೆ ಈ ವರ್ಷದ ಸಂಕ್ರಾಂತಿಯಲ್ಲಿ ಅದಕ್ಕಿಂತ ಒಳ್ಳೆಯ ಮಾತು ಯಾರೂ ಆಡಲಿಲ್ಲ. ಫೋನಿನಲ್ಲಿ ತಿಂಗಳುಗಟ್ಟಲೆ ನಾನು ವಾದ ಮಾಡಿ ಆಗದಿದ್ದದ್ದು ಇದು. ಎದುರು ಬದುರು ಕೂತು "ನಿಮ್ಮ ಆರೈಕೆ ಬಗ್ಗೆ ಮಾತಾಡೋಣ" ಅಂದರೆ ನಮ್ಮ ಹಿರಿಯರು ಬಾಯಿ ಮುಚ್ಚಿಕೊಳ್ಳುತ್ತಾರೆ. ಭೀಷ್ಮನ ದಿಂಬಿನ ಬಗ್ಗೆಯಾದರೆ ಮಾತಾಡುತ್ತಾರೆ.

ರಾತ್ರಿಗೆ ಈಗ ಒಬ್ಬರು ಬರುತ್ತಾರೆ, ವಾರದಲ್ಲಿ ನಾಲ್ಕು ದಿನ. ಉಳಿದ ಮೂರು ರಾತ್ರಿ ಇನ್ನೂ ತಂಗಿಯದೇ, ಅದೂ ಸರಿಹೋಗಬೇಕು. ಅತ್ತೆ ಚೇತರಿಸಿಕೊಂಡರು, ಕೆಮ್ಮು ಪೂರ್ತಿ ಬಿಡಲು ತುಂಬಾ ದಿನ ಹಿಡಿಯಿತು. ರಥಸಪ್ತಮಿವರೆಗೂ ಎಳ್ಳು ಬೀರಬಹುದು ಅಂತ ಅವರೇ ಹೇಳಿದ್ದರಿಂದ ಉಳಿದಿದ್ದ ಎಳ್ಳು ಬೆಲ್ಲವನ್ನು ಅಷ್ಟರೊಳಗೆ ಎಲ್ಲರ ಮನೆಗೂ ಮುಟ್ಟಿಸಿದೆವು, ಗೆಳತಿಯ ಸ್ಟೀಲ್ ಡಬ್ಬಿಯನ್ನೂ ಖಾಲಿ ಕೊಡಲಿಲ್ಲ.

ಈಗ ದ್ರೋಣಪರ್ವ ನಡೆಯುತ್ತಿದೆ. ವ್ಯಾಖ್ಯಾನ ಅರ್ಧ ಅತ್ತೆಯದು, ಅರ್ಧ ಮಗಳದು. ಮುಂದೆ ಅಭಿಮನ್ಯು ಬರುತ್ತಾನೆ, ಆ ಭಾಗವನ್ನು ಯಾರು ಹೇಳಬೇಕು ಅಂತ ಅಜ್ಜಿ ಮೊಮ್ಮಗಳ ನಡುವೆ ಇನ್ನೂ ತೀರ್ಮಾನ ಆಗಿಲ್ಲ.