ಒಂದು ನಿಮಿಷ ಉಸಿರು ಎಣಿಸಿ

ಇಂಗ್ಲೆಂಡಿನ ವಾರ್ಡಿನಲ್ಲಿ ನಾವು ನರ್ಸ್‌ಗಳು ಕೈಗೆ ವಾಚ್ ಕಟ್ಟುವಂತಿಲ್ಲ. ಕೈ ಚೆನ್ನಾಗಿ ತೊಳೆಯಬೇಕು, ಹಾಗಾಗಿ ಮೊಣಕೈಯಿಂದ ಕೆಳಗೆ ಬಳೆ, ವಾಚ್ ಏನೂ ಇರಬಾರದು. ವಾಚನ್ನು ಯೂನಿಫಾರ್ಮಿನ ಎದೆಗೆ ತಲೆಕೆಳಗಾಗಿ ಪಿನ್ ಮಾಡಿರುತ್ತೇವೆ. ತಲೆ ಬಗ್ಗಿಸಿದರೆ ಸಮಯ ನೇರವಾಗಿ ಕಾಣುತ್ತದೆ. ಒಂದು ರಾತ್ರಿ ನಾನು ಆ ವಾಚ್ ಕಡೆ ನೋಡಲೇ ಇಲ್ಲ. ಆ ರಾತ್ರಿಯ ವಿಷಯ ಹೇಳುತ್ತೇನೆ.

ನಾನು ಇಂಗ್ಲೆಂಡಿಗೆ ಬಂದು ಮೂರು ತಿಂಗಳಾಗಿತ್ತು. ಸೊಂಟದ ಆಪರೇಷನ್ ಆಗಿ ಮೂರನೇ ದಿನದ ಅಜ್ಜಿ ಒಬ್ಬರಿದ್ದರು. ಮೇಲಿನ ಬಿಪಿ 118, ನಾಡಿ 104, ಆಕ್ಸಿಜನ್ 95, ಮೈ ಬಿಸಿ 37.9, ಅಂದರೆ ಫ್ಯಾರನ್‌ಹೀಟ್‌ನಲ್ಲಿ 100ರ ಹತ್ತಿರ. ಇವಿಷ್ಟೂ ಮೆಷಿನ್ ಹೇಳುತ್ತದೆ. ಉಸಿರಾಟವನ್ನು ಮಾತ್ರ ನಾವೇ ಎಣಿಸಬೇಕು. ನಾನು ಎಣಿಸಲಿಲ್ಲ. ಹಿಂದಿನ ಮೂರು ಸಲವೂ 18 ಅಂತ ಇತ್ತು, ನಾನೂ 18 ಬರೆದುಬಿಟ್ಟೆ.

ಸ್ವಲ್ಪ ಹೊತ್ತಿಗೆ ಇನ್‌ಚಾರ್ಜ್ ಸಿಸ್ಟರ್ ಆ ಕಡೆ ಬಂದರು. ಅಜ್ಜಿಯನ್ನು ಮಾತಾಡಿಸಿದರು. ಅಜ್ಜಿ ಎರಡು ಪದ ಆಡಿ, ನಿಲ್ಲಿಸಿ, ಮತ್ತೆ ಎರಡು ಪದ ಆಡುತ್ತಿದ್ದರು. ಸಿಸ್ಟರ್ ಹೊದಿಕೆ ಸ್ವಲ್ಪ ಸರಿಸಿ, ನಾಡಿ ನೋಡುವವರ ಹಾಗೆ ಕೈ ಹಿಡಿದು ನಿಂತರು. ಕಣ್ಣು ಮಾತ್ರ ಎದೆಯ ಏರಿಳಿತದ ಮೇಲಿತ್ತು. ಉಸಿರು ಎಣಿಸುತ್ತೇವೆ ಅಂತ ಗೊತ್ತಾದರೆ ಯಾರ ಉಸಿರಾದರೂ ಬದಲಾಗುತ್ತದೆ, ಅದಕ್ಕೇ ಹಾಗೆ. ಪೂರ್ತಿ 60 ಸೆಕೆಂಡ್ ಆದ ಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: 26.

ರೋಗಿಯ ಸ್ಥಿತಿ ಕೆಡುತ್ತಿದೆಯಾ ಅಂತ ಬೇಗ ಗುರುತಿಸಲು ಇಲ್ಲಿ ನ್ಯೂಸ್-2 ಅನ್ನೋ ಅಂಕದ ಪದ್ಧತಿ ಇದೆ. ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಇಲ್ಲಿನ ವೈದ್ಯರ ಸಂಸ್ಥೆ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ಮೊದಲು ತಂದು, 2017ರಲ್ಲಿ ತಿದ್ದಿದ್ದು. ಉಸಿರು 12ರಿಂದ 20 ಇದ್ದರೆ ಅಂಕ ಸೊನ್ನೆ. 25 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 3. ನಾನು ಬರೆದ ಲೆಕ್ಕದಲ್ಲಿ ನಾಡಿಗೆ 1, ಆಕ್ಸಿಜನ್‌ಗೆ 1, ಅಜ್ಜಿಯ ಒಟ್ಟು ಅಂಕ 2. ಅಷ್ಟಿದ್ದರೆ ಮತ್ತೆ ನೋಡುವುದು ನಾಲ್ಕರಿಂದ ಆರು ಗಂಟೆಯ ಮೇಲೆ. ನಿಜವಾದ ಅಂಕ 5. ಹಾಗಿದ್ದರೆ ಡಾಕ್ಟರನ್ನು ತಕ್ಷಣ ಕರೆಯಬೇಕು, ಗಂಟೆಗೊಮ್ಮೆಯಾದರೂ ನೋಡುತ್ತಿರಬೇಕು. ಆ ನಾಲ್ಕು ಗಂಟೆ ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಲಸಿದಂತಾಗುತ್ತದೆ.

ಆಕ್ಸಿಜನ್ 95 ಇತ್ತಲ್ವಾ ಅಂತ ಕೇಳಬಹುದು. ಅಜ್ಜಿ ಅಷ್ಟು ಜೋರಾಗಿ ಉಸಿರಾಡಿಯೇ ಅದನ್ನು 95ರಲ್ಲಿ ಹಿಡಿದಿಟ್ಟಿದ್ದರು. ಮೈಯೊಳಗೆ ತೊಂದರೆ ಶುರುವಾದರೆ ಹೆಚ್ಚಿನ ಸಲ ಮೊದಲು ಏರುವುದು ಉಸಿರು. ಬಿಪಿ ಬೀಳುವ ಹೊತ್ತಿಗೆ ತಡವಾಗಿರುತ್ತದೆ.

ಡಾಕ್ಟರಿಗೆ ಫೋನ್ ಮಾಡಬೇಕಾದವಳು ನಾನೇ. ಸುಮ್ನೆ 'ಯಾಕೋ ಸರಿ ಇಲ್ಲ' ಅಂದರೆ ಆ ಕಡೆಯವರಿಗೆ ಏನು ತಿಳಿಯುತ್ತದೆ? ಈಗ ಏನಾಗಿದೆ, ಹಿಂದೆ ಏನಿತ್ತು, ನಾನು ನೋಡಿದ್ದೇನು, ನನಗೆ ಏನು ಬೇಕು ಅಂತ ಇದೇ ಕ್ರಮದಲ್ಲಿ ಹೇಳಬೇಕು. ಎಸ್‌ಬಾರ್ ಅಂತಾರೆ. ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗೆ ಬಂದ ಪದ್ಧತಿ. ಮೊದಲ ಮೂರು ಹೇಗೋ ಹೇಳಿದೆ. 'ಅರ್ಧ ಗಂಟೆಯೊಳಗೆ ಬಂದು ನೋಡಿ' ಅಂತ ಡಾಕ್ಟರಿಗೆ ಹೇಳಲು ಬಾಯಿ ಬರಲಿಲ್ಲ. ಸಿಸ್ಟರ್ ಪಕ್ಕದಲ್ಲೇ ನಿಂತು ತಲೆಯಾಡಿಸಿದರು. ಹೇಳಿದೆ. ಡಾಕ್ಟರ್ ಬಂದರು. ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಕಂಡಿತು, ಆಗಲೇ ಆಂಟಿಬಯಾಟಿಕ್ ಶುರುವಾಯಿತು. ಅಜ್ಜಿ ಚೇತರಿಸಿಕೊಂಡು ಮನೆಗೆ ಹೋದರು.

ಇಲ್ಲಿಗೆ ಬರಲು ತಯಾರಾಗುತ್ತಿರುವ ನರ್ಸ್‌ಗಳು ಇನ್ನೊಂದು ವಿಷಯ ಗಮನಿಸಿ. ಇಲ್ಲಿ ರಕ್ತದ ಸಕ್ಕರೆ ಅಳೆಯುವ ಲೆಕ್ಕ ಬೇರೆ. ನಮ್ಮೂರಿನ 72 (mg/dL) ಇಲ್ಲಿ 4 (mmol/L). ಡಯಾಬಿಟಿಸ್ ಇರುವವರಿಗೆ 4ಕ್ಕಿಂತ ಕೆಳಗಿಳಿದರೆ ಆಗಲೇ ಚಿಕಿತ್ಸೆ ಕೊಡಬೇಕು. ಇನ್ಸುಲಿನ್ ಬರೆಯುವಾಗ 'ಯೂನಿಟ್' ಅಂತ ಪೂರ್ತಿ ಬರೆಯಬೇಕು. ಇಂಗ್ಲಿಷಿನ ಯು ಅಕ್ಷರವೊಂದನ್ನೇ ಬರೆದರೆ ಸೊನ್ನೆಯಂತೆ ಕಂಡು 4 ಯೂನಿಟ್ 40 ಆಗಬಹುದು.

ಆಸ್ಪತ್ರೆಯಲ್ಲಿ ನಿಮ್ಮವರ ಪಕ್ಕ ಕೂತಿದ್ದೀರಾ? ಅವರು ಸುಮ್ಮನೆ ಮಲಗಿರುವಾಗ ಎದೆ ಎಷ್ಟು ಸಲ ಏಳುತ್ತದೆ ಅಂತ ಒಂದು ನಿಮಿಷ ಪೂರ್ತಿ ಎಣಿಸಿ. ದೊಡ್ಡವರಿಗೆ 20 ದಾಟಿದರೆ ಸಿಸ್ಟರಿಗೆ ಹೇಳಿ. 25 ಮುಟ್ಟಿದರೆ ಬೆಲ್ ಒತ್ತಿ ಕಾಯುತ್ತಾ ಕೂರಬೇಡಿ, ಎದ್ದು ಹೋಗಿ ಕರೆದುಕೊಂಡು ಬನ್ನಿ.