ಮಳೆಗೆ ಹೋದ ಸಿಗ್ನಲ್

ಇವತ್ತು ಬದಿಯಡ್ಕದಲ್ಲಿ ಮಳೆ ಹೊಯ್ದದ್ದೇ ತಡ, ಹೋಟೆಲಿನ ಟಿವಿಯಲ್ಲಿ ದೋಹಾದ ಅಲ್ ಜಜೀರಾ ಚಾನೆಲಿನ ಸುದ್ದಿ ಚೌಕ ಚೌಕವಾಗಿ ಒಡೆದು ನಿಂತಿತು.

ಮಾಡಿನ ಮೇಲೆ ಎರಡಡಿ ಡಿಶ್. ಕೆಯು ಬ್ಯಾಂಡ್, ಅಂದರೆ ಉಪಗ್ರಹ ಟಿವಿಯ ಒಂದು ಆವರ್ತನ ಪಟ್ಟಿ.
12 ಗಿಗಾಹರ್ಟ್ಸ್ ಆಸುಪಾಸು, ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್. ಆಟಿ ತಿಂಗಳ ಮಳೆಯ ದಪ್ಪ ಹನಿ ಅದನ್ನು ಹೀರಿ ಚದುರಿಸಿಬಿಡುತ್ತದೆ. ಡಿಶ್ ತಿರುಗಿಸಿ ಪ್ರಯೋಜನ ಇಲ್ಲ, ಮಳೆ ಬಿಟ್ಟರೆ ತಾನೇ ಬರುತ್ತದೆ. ಬಿಸಿಲಿಗೂ ಬರದಿದ್ದರೆ ಡಿಶ್ಶಿನ ಮುಂದೆ ಸಿಗ್ನಲ್ ಹಿಡಿಯುವ ಡಬ್ಬಿ, ಅಂದರೆ ಎಲ್‌ಎನ್‌ಬಿಗೆ ನೀರು ಹೋಗಿದೆಯಾ, ಕನೆಕ್ಟರ್ ಕಿಲುಬು ಹಿಡಿದಿದೆಯಾ ನೋಡಿ.

ಸಿ ಬ್ಯಾಂಡ್ ಆದರೆ 4 ಗಿಗಾಹರ್ಟ್ಸ್, ಏಳೂವರೆ ಸೆಂಟಿಮೀಟರಿನ ಅಲೆ. ಮಳೆಗೆ ಅಷ್ಟಾಗಿ ಜಗ್ಗುವುದಿಲ್ಲ. ಆದರೆ ಆರೆಂಟು ಅಡಿಯ ಜಾಲರಿ ಡಿಶ್ಶೇ ಬೇಕು.

ಅಲ್ ಜಜೀರಾ ಬೆಳೆದದ್ದರಲ್ಲೂ ಈ ಬ್ಯಾಂಡಿನ ಪಾಲಿದೆ ಮಾರಾಯ್ರೇ.
1996ರ ನವೆಂಬರ್ 1ಕ್ಕೆ ಶುರು. ಕತಾರ್ ಅಮೀರರ 50 ಕೋಟಿ ರಿಯಾಲ್. ಅದೇ ವರ್ಷ ಮುಚ್ಚಿದ ಬಿಬಿಸಿ ಅರಬ್ಬಿ ಟಿವಿಯಿಂದ ಬಂದ ಪಳಗಿದ ಪತ್ರಕರ್ತರು. ದುಡ್ಡೂ ಇತ್ತು, ಜನವೂ ಇತ್ತು. ಸಿಕ್ಕಿದ್ದು ಮಾತ್ರ ಅರಬ್ ದೇಶಗಳ ಉಪಗ್ರಹ ಸಂಸ್ಥೆಯಾದ ಅರಬ್‌ಸ್ಯಾಟ್‌ನ ಬಲಹೀನ ಕೆಯು ಟ್ರಾನ್ಸ್‌ಪಾಂಡರ್, ಅಂದರೆ ಉಪಗ್ರಹದಿಂದ ಸಿಗ್ನಲ್ ಕೆಳಗೆ ಕಳಿಸುವ ಸಾಧನ.
1997ರಲ್ಲಿ ಫ್ರಾನ್ಸಿನ ಒಂದು ಚಾನೆಲ್ ಕಣ್ತಪ್ಪಿ ನೀಲಿಚಿತ್ರ ಬಿಟ್ಟಿತು. (ಹೌದು, ನಿಜವಾಗಿಯೂ!) ಅರಬ್‌ಸ್ಯಾಟ್ ಆ ಚಾನೆಲನ್ನೇ ಹೊರಹಾಕಿತು. ಖಾಲಿಯಾದ ಸಿ ಬ್ಯಾಂಡ್ ಜಾಗ ಅಲ್ ಜಜೀರಾಕ್ಕೆ. ಅರಬರ ಮನೆಮನೆಗೆ ತಲುಪಿದ್ದು ಆಮೇಲೆ. ಇಂಗ್ಲಿಷ್ ಚಾನೆಲ್ 2006ರಲ್ಲಿ.

ಗಲ್ಫಿನಲ್ಲಿ ಮಕ್ಕಳಿರುವ ನಮ್ಮೂರ ಕೆಲವು ಮನೆಗಳ ತಾರಸಿಯಲ್ಲಿ ಆ ಜಾಲರಿ ಡಿಶ್ ಇನ್ನೂ ಇದೆ.
ಈಗ ಅದಕ್ಕೆ ಬಸಳೆ ಹಬ್ಬಿಸಿದ್ದಾರೆ.