ಮರಿ ಹೊತ್ತ ಸೀಗಡಿಯ ಉಸಿರಿನ ಲೆಕ್ಕ

ಮೂಡಿಗೆರೆ ಕಡೆ ಮಳೆ ಹಿಡಿಯಿತು ಅಂತ ನಿನ್ನೆ ಅವ್ವ ಫೋನ್ ಮಾಡಿದ್ದಳು. ನಾನಾಗ ಇಲ್ಲಿ ಜರ್ಮನಿಯ ಒಂದು ಹಳ್ಳದಿಂದ ತಂದ ಸೀಗಡಿಗಳ ಮುಂದೆ ಕೂತಿದ್ದೆ.

"ಏನ್ ಮಾಡ್ತಿದ್ದೀಯೇ?"

"ಬಸುರಿ ಸೀಗಡಿ ಎಷ್ಟು ಉಸಿರಾಡ್ತದೆ ಅಂತ ಅಳೀತಿದ್ದೀನಿ ಕಣವ್ವ."

ಒಂದು ಗಳಿಗೆ ಸುಮ್ಮನಿದ್ದಳು. "ಪಾಪ, ಅದಕ್ಕೂ ಏದುಸಿರು ಬರ್ತದಾ?"

ಬರುತ್ತದೆ. ಇದು ಗ್ಯಾಮರಸ್, ಸೀಗಡಿ ಅಂತ ಕರೆದರೂ ನಿಜವಾದ ಸೀಗಡಿಯಲ್ಲ, ಅದರ ದೂರದ ನೆಂಟ. ಹೆಚ್ಚುಕಮ್ಮಿ ಭತ್ತದ ಕಾಳಿನಷ್ಟುದ್ದ, ಬಾಗಿದ ಬೆನ್ನು, ಊಟಕ್ಕೆ ಹಳ್ಳದಲ್ಲಿ ಕೊಳೆಯುವ ತರಗೆಲೆ. ಹೆಣ್ಣು ಮೊಟ್ಟೆಯನ್ನು ನೀರಿಗೆ ಬಿಡುವುದಿಲ್ಲ. ಕಾಲುಗಳ ಬುಡದಿಂದ ಹೊರಟ ತೆಳು ಎಸಳುಗಳು ಎದೆಯಡಿ ಒಂದರ ಮೇಲೊಂದು ಕೂಡಿ ಮಡಿಲಾಗುತ್ತವೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ದಿನ ಕಳೆದಂತೆ ಮೊಟ್ಟೆಯೊಳಗೆ ಕಣ್ಣಿನ ಚುಕ್ಕೆ ಮೂಡುವುದು ಕಾಣುತ್ತದೆ. ಹೊಟ್ಟೆಯಡಿಯ ಕಾಲುಗಳು ಬೀಸಣಿಗೆಯಂತೆ ಆಡುತ್ತಲೇ ಇರುತ್ತವೆ, ಆ ಬೀಸಿಗೆ ಹೊಸ ನೀರು ಮಡಿಲೊಳಗೆ ಹರಿಯುತ್ತದೆ. ಮರಿ ಬಲಿತಷ್ಟೂ ಆಮ್ಲಜನಕ ಹೆಚ್ಚು ಬೇಕು. ಬೇಸಿಗೆಯಲ್ಲಿ ಕಷ್ಟ ಇನ್ನೂ ಜಾಸ್ತಿ: 10 ಡಿಗ್ರಿಯ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 20 ಡಿಗ್ರಿಯದು 9 ಮಾತ್ರ. ಬೆಚ್ಚಗಾದ ಮೈಗೆ ಬೇಕಾಗುವುದೋ ಹೆಚ್ಚು.

ಪುಟ್ಟ ಸೀಸೆಯಲ್ಲಿ ಒಂದನ್ನು ಬಿಟ್ಟು, ಗಾಳಿಗುಳ್ಳೆ ಇಲ್ಲದಂತೆ ಮುಚ್ಚಿ, ಆಮ್ಲಜನಕ ಎಷ್ಟು ಇಳಿಯಿತು ನೋಡುವುದು ನನ್ನ ಕೆಲಸ. ಇಳಿದದ್ದರಲ್ಲಿ ತಾಯಿಯದೆಷ್ಟು, ಮರಿಗಳದೆಷ್ಟು, ಬೀಸುವ ದುಡಿಮೆಗೆ ಹೋದದ್ದೆಷ್ಟು? ಅದು ತಿಳಿಯಲು ಮೊಟ್ಟೆಗಳನ್ನು ಬಿಡಿಸಿ ಬೇರೆ ಅಳೆಯಬೇಕು. ಬಿಡಿಸುವಾಗ ನನ್ನ ಕೈ ಇವತ್ತಿಗೂ ನಡುಗುತ್ತದೆ.

ಚಿಕ್ಕವಳಿದ್ದಾಗ ಗದ್ದೆ ಬದುವಿನಲ್ಲಿ ಏಡಿ ಹಿಡಿದರೆ ಅಜ್ಜಿ ಮೊದಲು ಮಗುಚಿ ನೋಡುತ್ತಿದ್ದಳು. ಹೊಟ್ಟೆಯ ಮುಚ್ಚಳದಡಿ ಕಾಳುಮೆಣಸಿಗಿಂತ ಚಿಕ್ಕ ಮರಿಗಳು ಮಿಜಿಗುಟ್ಟುತ್ತಿದ್ದರೆ, "ಬಾಣಂತಿ ಕಣೆ, ಬಿಟ್ಬಿಡು" ಅನ್ನುತ್ತಿದ್ದಳು. ಸಮುದ್ರದ ಏಡಿಯ ಮರಿಗಳು ಮೊದಲು ಲಾರ್ವಾಗಳಾಗಿ ತೇಲಿಕೊಂಡು ಬೆಳೆಯುತ್ತವೆ. ನಮ್ಮ ಹಳ್ಳಗಳಲ್ಲಿ ಹಾಗೆ ಬಿಟ್ಟರೆ ಹೇಮಾವತಿ ಅವನ್ನು ಗೊರೂರಿಗೇ ಒಯ್ದಾಳು. ಅದಕ್ಕೇ ಅಲ್ಲಿನ ತಾಯಿ ಏಡಿಗಳು ಪೂರ್ತಿ ಏಡಿಯಾಗುವವರೆಗೂ ಹೊರುತ್ತವೆ. ಗ್ಯಾಮರಸ್ ಕೂಡ ಅಷ್ಟೇ, ಮಡಿಲಿಂದ ಹೊರಬಂದ ಮರಿ ಅಮ್ಮನದೇ ಅಚ್ಚು.

ಇವತ್ತು ಏಳನೇ ಸೀಸೆಯವಳು ಮರಿ ಬಿಟ್ಟಳು. ನಾನು ಹಾಕಿದ ಎಲೆಯಡಿ ಆಗಲೇ ಸೇರಿಕೊಂಡಿವೆ. ಸಂಜೆ ಎಲ್ಲವನ್ನೂ ಅದೇ ಹಳ್ಳಕ್ಕೆ ಬಿಟ್ಟು ಬರಬೇಕು.